ಬೆಳವಕ್ಕಿ ಗೂಡಿನ ಪಟ

ಹಲ್ಲಿನ ಡಾಕ್ಟರ್ ಹಿಕ್ಮತಿಲ್ಲಾ ನಿವೃತ್ತನಾದಾಗ ಆಸ್ಪತ್ರೆಯವರು ಜರಿಯ ನಿಲುವಂಗಿ ತೊಡಿಸಿ ಕಳಿಸಿಕೊಟ್ಟರು. ಅವನು ಅದನ್ನು ಪೆಟ್ಟಿಗೆಗೆ ಸೇರಿಸಿ, ಹುಳುಕು ಹಲ್ಲುಗಳ ಪಟ ತೆಗೆಯಲು ಇಟ್ಟುಕೊಂಡಿದ್ದ ಕ್ಯಾಮೆರಾ ಹಿಡಿದು ಅಂಗಳಕ್ಕಿಳಿದ. ಇಷ್ಟು ವರ್ಷ ದವಡೆಯ ಸಂದಿಗೊಂದಿ ಹುಡುಕಿದ ಲೆನ್ಸು ಈಗ ಗುಲಾಬಿ ಎಸಳಿನ ನರವನ್ನೂ ಕಾಮಕಸ್ತೂರಿಯ ಮೇಲೆ ಕೂತ ಜೇನಿನ ಕಾಲಿನ ರೋಮವನ್ನೂ ಹುಡುಕತೊಡಗಿತು. ನಮಂಗಾನ್ ಪಟ್ಟಣದಲ್ಲಿ ಹೂವಿಲ್ಲದ ಅಂಗಳ ಸಿಗುವುದು ಕಷ್ಟ. ಆದರೆ ಹೂವಿನ ಮುಂದೆ ಮೊಣಕಾಲೂರಿ ಉಸಿರು ಬಿಗಿಹಿಡಿದು ಕೂರುವ ಗಂಡಸು ಆ ಕೇರಿಗೆಲ್ಲ ಇವನೊಬ್ಬನೇ.

“ಏನ್ ಡಾಕ್ಟ್ರೇ, ಹೂವಿಗೂ ಹುಳುಕು ಹಿಡೀತಾ? ಕಿತ್ತು ಬಿಸಾಕಿ, ನೋವು ಹೋಗುತ್ತೆ!” ಎಂದು ಪಕ್ಕದ ಮನೆಯ ತುರೋಬ್ ಗೋಡೆಯಾಚೆಯಿಂದ ಕೆಣಕುತ್ತಿದ್ದ.

“ನಿನ್ನ ಹಲ್ಲು ಕಿತ್ತೆನಲ್ಲ, ಅವತ್ತೇ ನಾಲಿಗೇನೂ ಕೀಳ್ಬೇಕಿತ್ತು ಕಣಯ್ಯಾ.”

ಈ ವಸಂತದಲ್ಲಿ ಅಂಥ ಮಾತೆಲ್ಲ ನಿಂತುಹೋಯಿತು. ಮಗಳು ಓಯ್ದಿನ್ ಮದುವೆಯಾಗಿ ಎಷ್ಟೋ ವರ್ಷ ಕಾದು ಬಸುರಿಯಾಗಿದ್ದಳು. ದಿನ ತುಂಬುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ನೋಡಿದರೆ ಜನ್ಮದಲ್ಲಿ ಮರೆಯಲಾರಳು ಎಂದು ಅತ್ತೆಯ ಕಡೆಯ ಹಿರಿಯ ಹೆಂಗಸರು ಅವಳಿಗೆ ಅದರ ಮುಖ ತೋರಿಸಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟದ್ದನ್ನು ಹಿಕ್ಮತಿಲ್ಲಾ ಅಳಿಯನ ಜೊತೆ ಹೋಗಿ ಕೈಯಾರೆ ಮಣ್ಣಿಗಿಟ್ಟು ಬಂದ. ಖಬರಸ್ತಾನಕ್ಕೆ ಹೆಂಗಸರು ಹೋಗುವಂತಿರಲಿಲ್ಲ. ಅಳಿಯ ದುಡಿಯಲು ಮತ್ತೆ ರಷ್ಯಾಕ್ಕೆ ಹೊರಟ, ಮಗಳು ತವರಿಗೆ ಬಂದಳು.

ಬಂದವಳು ದ್ರಾಕ್ಷಿ ಚಪ್ಪರದ ಕೆಳಗಿನ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅಳಲಿಲ್ಲ, ಮಾತಿಲ್ಲ. ತಾಯಿ ಮಹ್ಫೂಜಾ ತಂದಿಟ್ಟ ಸಾರು ಕೆನೆಗಟ್ಟಿ ಆರಿಹೋಗುತ್ತಿತ್ತು. ಒಮ್ಮೆ ಅತ್ತಾದರೂ ಬಿಡಬಾರದೇ ಎಂದು ತಾಯಿ ಒಲೆಯ ಮುಂದೆ ತಾನೇ ಅಳುತ್ತಿದ್ದಳು. ಮಗಳು ಒಂದು ಸಲ ಇತ್ತ ತಿರುಗಿ ಕಣ್ಣು ಬಿಟ್ಟು ಏನನ್ನಾದರೂ ನೋಡಲಿ, ಹಿಕ್ಮತಿಲ್ಲಾನಿಗೆ ಬೇರೇನೂ ಬೇಕಿರಲಿಲ್ಲ.

ಅವಳನ್ನು ತಿರುಗಿಸಿದ್ದು ಒಂದು ಬೆಳವಕ್ಕಿ. ಅದು ಚಪ್ಪರದ ಎಲೆಗಳ ನಡುವೆ ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಎಸೆದು ಅದನ್ನೇ ಗೂಡೆಂದು ತಿಳಿದು ಕೂತಿತ್ತು.

“ಬೆಳವಕ್ಕಿ ಮನೆಗೆ ಬಂದ್ರೆ ಒಳ್ಳೇದಾಗುತ್ತೆ, ಯಾರೂ ಅದರ ತಂಟೆಗೆ ಹೋಗ್ಬೇಡಿ,” ಎಂದಳು ಮಹ್ಫೂಜಾ. “ಓಯ್ದಿನ್ ಅಪ್ಪಾ, ಕೇಳಿಸ್ತಾ? ನಿಮಗೇ ಹೇಳಿದ್ದು!”

ಓಯ್ದಿನ್ ಅಂಗಾತ ಮಲಗಿ ಗೂಡನ್ನೇ ನೋಡತೊಡಗಿದಳು. ಅಷ್ಟೇ ಸಾಕಾಯಿತು ಅಪ್ಪನಿಗೆ. ಏಣಿ ಹತ್ತಿ ದೂರದಿಂದಲೇ ಪಟ ತೆಗೆದು ತಂದು ತೋರಿಸುವನು. ಅವಳು ಕ್ಯಾಮೆರಾ ಹಿಡಿದು ನೋಡುತ್ತಾ, ಅವನು ಕೈಗಿಟ್ಟ ಜರ್ದಾಳು ಹಣ್ಣನ್ನು ತನಗೇ ಗೊತ್ತಿಲ್ಲದಂತೆ ತಿಂದು ಮುಗಿಸುವಳು. ಒಮ್ಮೆ ಗುಲಾಬಿ ಗಿಡದಲ್ಲಿ ಮುಂಗೈ ಮಡಿಚಿ ಕೂತ ಹಸಿರು ಹುಳುವೊಂದರ ಪಟ ಬಹಳ ಚೆನ್ನಾಗಿ ಬಂದಿತ್ತು. ಆ ಊರಲ್ಲಿ ಅದನ್ನು ತೊಟ್ಟಿಲು ತೂಗುವ ಹುಳು ಎನ್ನುತ್ತಾರೆ. ಹೆಸರು ನೆನಪಾದದ್ದೇ, ಮಗಳಿಗೆ ತೋರಿಸುವ ಮೊದಲು ಅಳಿಸಿಹಾಕಿದ.

ಮೊಟ್ಟೆ ಒಡೆದು ಎರಡು ಮರಿ ಹೊರಬಂದವು. ಓಯ್ದಿನ್ ಪಟವನ್ನು ಹಿಂದೆ ಮುಂದೆ ಸರಿಸಿ ನೋಡಿ, “ಅಪ್ಪಾ, ಮುಖಾನೇ ಕಾಣಿಸ್ತಿಲ್ವಲ್ಲ. ಬರೀ ಎಲೆ,” ಎಂದಳು.

ಎಷ್ಟು ದಿನಗಳ ಮೇಲೆ ಅವಳ ಬಾಯಿಂದ ಬಂದ ಮಾತು! ಅವಳು ಚಂದ್ರನ ಮುಖ ಕಾಣುತ್ತಿಲ್ಲ ಎಂದಿದ್ದರೂ ಅವನು ಏಣಿ ಹಾಕುತ್ತಿದ್ದ. ಮಾರನೆಯ ಬೆಳಿಗ್ಗೆ ಮಹ್ಫೂಜಾ ಹಾಲು ತರಲು ಹೋದದ್ದನ್ನು ನೋಡಿಕೊಂಡು ಕತ್ತರಿ ಹಿಡಿದು ಏಣಿ ಹತ್ತಿದ. ಗೂಡಿಗೆ ಮರೆಯಾಗಿದ್ದ ಎಲೆಗಳನ್ನು ಒಂದೊಂದಾಗಿ ಕತ್ತರಿಸಿದ. ಎಳೆಬಿಸಿಲು ನೇರವಾಗಿ ಮರಿಗಳ ಮೇಲೆ ಬಿತ್ತು. ಹಳದಿ ತುಪ್ಪಳ, ಉಬ್ಬಿದ ಕಣ್ಣುರೆಪ್ಪೆ, ಮುಖಕ್ಕಿಂತ ದೊಡ್ಡ ಕೊಕ್ಕು, ಎಲ್ಲ ಸ್ಪಷ್ಟವಾಗಿ ಬಂತು. ಅಂಥ ಪಟವನ್ನು ಅವನು ಹಿಂದೆಂದೂ ತೆಗೆದಿರಲಿಲ್ಲ.

“ಅಯ್ಯೋ, ಎಷ್ಟು ಕುರೂಪ!” ಓಯ್ದಿನ್ ನಕ್ಕಳು. ನಿಜವಾಗಿ ನಕ್ಕಳು. “ಇಂಥದ್ದನ್ನ ತಾಯಿ ಅದು ಹೇಗೆ ನೋಡುತ್ತೋ!”

“ನೀನು ಹುಟ್ಟಿದಾಗ ಇದಕ್ಕಿಂತ ಕುರೂಪ ಇದ್ದೆ ಕಣೇ. ನಿಮ್ಮಮ್ಮ ನಿನ್ನ ಮುಖದಿಂದ ಕಣ್ಣೇ ಕೀಳ್ತಿರಲಿಲ್ಲ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಓಯ್ದಿನ್ ಕ್ಯಾಮೆರಾವನ್ನು ಮೆಲ್ಲಗೆ ಅವನ ಮಡಿಲಲ್ಲಿಟ್ಟು, ಬಿಸಿಲು ಜಾಸ್ತಿಯಾಯಿತು ಎನ್ನುತ್ತಾ ಒಳಗೆ ಹೋಗಿ ಮಲಗಿದಳು.

ಮಧ್ಯಾಹ್ನ ಊಟ ಮಾಡಿ ಅವನು ಮಂಚದಲ್ಲೇ ಜೊಂಪಿಗೆ ಜಾರಿದ್ದ. ಗೊರವಂಕಗಳ ಕಚಪಚ ಕೇಳಿ ಎಚ್ಚರವಾಯಿತು. ಎಲೆಯ ಮರೆ ಇಲ್ಲದ ಗೂಡು ದೂರದ ಗೋಡೆಯ ಮೇಲಿನಿಂದಲೂ ಕಾಣುತ್ತಿತ್ತು. ಅವನು ಚಪ್ಪಲಿ ಎಸೆದು ಕೂಗಿಕೊಂಡು ಎದ್ದ. ಅಷ್ಟರಲ್ಲಿ ಗೂಡಿನ ಕಡ್ಡಿಗಳು ಚೆಲ್ಲಿದ್ದವು, ಮರಿಗಳೆರಡೂ ಕುಕ್ಕಿಸಿಕೊಂಡು ನೆಲಕ್ಕೆ ಬಿದ್ದು ಸತ್ತಿದ್ದವು. ಬೆಳವಕ್ಕಿ ಬೇಲಿಯ ಮೇಲೆ ಕೂತಿತ್ತು. ಮಗಳು ಎದ್ದುಬಂದರೆ ಎಂಬ ಭಯದಲ್ಲಿ ಅವನು ಅವನ್ನು ಎತ್ತಿಕೊಂಡು ಹೋಗಿ, ಕಾಮಕಸ್ತೂರಿಯ ಬುಡವನ್ನು ಕೈಯಿಂದಲೇ ತೋಡಿ, ಮುಚ್ಚಿಬಿಟ್ಟ.

ತಿರುಗಿ ನೋಡಿದರೆ ಓಯ್ದಿನ್ ಬಾಗಿಲಲ್ಲಿದ್ದಳು.

“ಮರಿಗಳು ಎಲ್ಲಿ?”

“ಹಾರಿ ಹೋದ್ವು ಮಗಳೇ.”

“ರೆಕ್ಕೆ ಬರದೇ ಇರೋದು ಹಾರುತ್ತಾ, ಅಪ್ಪಾ?”

ಗಲಾಟೆ ಕೇಳಿ ಹೊರಬಂದ ಮಹ್ಫೂಜಾ ತಲೆ ಎತ್ತಿ ಕತ್ತರಿಸಿದ ತೊಟ್ಟುಗಳನ್ನು ನೋಡಿದಳು. ಬೈಯಲು ಬಾಯಿ ತೆರೆದವಳು ಗಂಡನ ಮುಖ ಕಂಡು, ಚೆಲ್ಲಿದ ಕಡ್ಡಿಗಳನ್ನು ಆಯತೊಡಗಿದಳು. ಓಯ್ದಿನ್ ಹತ್ತಿರ ಬಂದು ಅಪ್ಪನ ಮಣ್ಣಾದ ಕೈಗಳನ್ನು ನೋಡಿದಳು.

“ನಾನು ನೋಡಬಾರ್ದು ಅಂತ ಇವನ್ನೂ ಬೇಗ ಬೇಗ ಮಣ್ಣು ಮಾಡಿಬಿಟ್ರಾ?”

ಅವನು ಮಂಚದ ಅಂಚಿನಲ್ಲಿ ಕೂತ.

“ನೀವು ಎತ್ತಿಕೊಂಡು ಹೋದ್ರಲ್ಲ ಅಪ್ಪಾ. ಸೊಳ್ಳೆಯ ಮೀಸೆಯನ್ನೂ ಬಿಡದೆ ನೋಡೋರು ನೀವು. ಹೇಳಿ, ನನ್ನ ಮಗು ಹೇಗಿತ್ತು? ಮೂಗು ಯಾರ ಥರ ಇತ್ತು?”

ನಿನ್ನ ಹಾಗೇ ಇತ್ತು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಒಂದು ಸುಳ್ಳು ಈಗತಾನೇ ಆಗಿತ್ತು, ಇನ್ನೊಂದಕ್ಕೆ ಬಾಯಿ ಬರಲಿಲ್ಲ.

“ಬಟ್ಟೆ ಸರಿಸಲಿಲ್ಲ ಮಗಳೇ. ನಂಗೆ ಧೈರ್ಯ ಸಾಲಲಿಲ್ಲ.”

“ಅವರು?”

“ನಿನ್ನ ಗಂಡನೂ ನೋಡಲಿಲ್ಲ.”

ಓಯ್ದಿನ್ ತಾಯಿಯ ಕಡೆ ತಿರುಗಿದಳು. ತಾನೂ ನೋಡಿಲ್ಲವೆಂದು ಮಹ್ಫೂಜಾ ತಲೆ ಅಲ್ಲಾಡಿಸಿದಳು.

“ಹಾಗಾದ್ರೆ ನಮ್ಮೋರು ಅಂತ ಒಬ್ರೂ ಅದನ್ನ ನೋಡ್ಲೇ ಇಲ್ಲ,” ಎಂದಳು ಓಯ್ದಿನ್.

ಆಮೇಲೆ ಅವಳು ಅತ್ತಳು. ವಸಂತದಿಂದ ತಡೆದಿಟ್ಟದ್ದೆಲ್ಲ ಗೋಡೆಯಾಚೆಗೂ ಕೇಳುವಂತೆ ಹೊರಬಂತು. ತಾಯಿ ಓಡಿಬಂದು ತಬ್ಬಿಕೊಂಡಳು. ಹಿಕ್ಮತಿಲ್ಲಾನಿಗೆ ಎದ್ದು ಎಲ್ಲಿಗಾದರೂ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ. ಮಣ್ಣು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಳು ನಿಲ್ಲುವವರೆಗೂ ಮಗಳ ಮುಖ ನೋಡುತ್ತಾ ಕೂತಿದ್ದ.