ಹಡಗಿನ ಗೆರೆ, ಪೀಣ್ಯದ ಗೆರೆ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ದೇವಕ್ಕನ ಎರಡು ಬೆರಳು ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಹೋದದ್ದನ್ನು ಕಣ್ಣಾರೆ ಕಂಡವಳು ಪಕ್ಕದ ಮಷೀನಿನ ರುದ್ರಮ್ಮ ಒಬ್ಬಳೇ. ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್ ಅದು. ಕೆಲಸ ಬೇಗ ಸಾಗಲೆಂದು ಒಂದು ಗುಂಡಿ ಒತ್ತಿಯೇ ಇರುವಂತೆ ಟೇಪ್ ಸುತ್ತಿಸಿದವನು ಸೂಪರ್‌ವೈಸರ್ ಶಶಿಕುಮಾರ್. ಈಗ, ಟೇಪೇ ಇರಲಿಲ್ಲ, ತಪ್ಪು ದೇವಕ್ಕನದೇ ಎಂದು ರುದ್ರಮ್ಮ ಬರೆದುಕೊಡಬೇಕಂತೆ. ಆಗಲ್ಲ ಎಂದದ್ದಕ್ಕೆ ಕಂಪನಿಯಿಂದ ಅವಳಿಗೆ ಇಂಗ್ಲಿಷಿನಲ್ಲೊಂದು ಪತ್ರ ಬಂತು.

ಭಾನುವಾರ ರಾಜಗೋಪಾಲನಗರದ ನಮ್ಮ ಓದುಕೂಟದಲ್ಲಿ ವೀರೇಶ್ ಅದನ್ನು ಓದಿದ. ಕೂಟದ ಹನ್ನೊಂದು ಜನವೂ ಅದೇ ಕಾರ್ಖಾನೆಯ ಕೆಲಸಗಾರರು. ಇಂಗ್ಲಿಷ್ ಬಲ್ಲವನು ಅವನೊಬ್ಬ. ಕೊನೆಯ ಸಾಲಿನಲ್ಲಿ 'ಟೋ ದ ಲೈನ್' ಎಂದಿತ್ತು. ಪದಕ್ಕೆ ಪದ ಹೇಳಿದರೆ ಗೆರೆಗೆ ಕಾಲ್ಬೆರಳು ತಾಗಿಸು, ಹೇಳಿದ್ದು ಕೇಳಿಕೊಂಡು ಬಿದ್ದಿರು ಅಂತ ಅರ್ಥ ಎಂದ. ಅಷ್ಟಕ್ಕೇ ಬಿಡದೆ ಮಾತಿನ ಬುಡಕ್ಕಿಳಿದ. ಹಿಂದೆ ಇಂಗ್ಲಿಷರ ಯುದ್ಧನೌಕೆಗಳಲ್ಲಿ ಹಲಗೆಗಳ ಸಂದಿಗೆ ನಾರು ತುರುಕಿ ಟಾರು ಹೊಯ್ಯುತ್ತಿದ್ದರು. ತಪಾಸಣೆಗೆ ಕರೆದಾಗ ನಾವಿಕರು ಆ ಕಪ್ಪು ಗೆರೆಗೆ ಬರಿಗಾಲಿನ ಬೆರಳು ತಾಗಿಸಿ ಸಾಲಾಗಿ ನಿಲ್ಲಬೇಕಿತ್ತು. ಮಾತು ಮೀರಿದವನ ಬೆನ್ನಿಗೆ ಚಾವಟಿ.

"ದಿನಾ ಬೆಳಿಗ್ಗೆ ನಮ್ಮನ್ನ ಹಳದಿ ಪಟ್ಟೆ ಮೇಲೆ ನಿಲ್ಲಿಸ್ತಾರಲ್ಲ, ಅದೇ ಬಿಡು," ಎಂದಳು ರುದ್ರಮ್ಮ. "ನಮಗೆ ಶೂ ಕೊಟ್ಟವ್ರೆ, ಅಷ್ಟೇ ಉಪಕಾರ."

ನಕ್ಕೆವು. ಆ ನಗುವಿನ ಬಿಸಿಯಲ್ಲೇ ತೀರ್ಮಾನವಾಯಿತು: ನಾಳೆ ಎಲ್ಲರೂ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲುವುದು, ರುದ್ರಮ್ಮ ಸುಳ್ಳು ಬರೆಯುವುದಿಲ್ಲ ಎಂದು ಒಟ್ಟಿಗೆ ಹೇಳುವುದು. ಒಂದು ಮಾತಿನ ಚರಿತ್ರೆ ತಿಳಿದರೆ ಅರ್ಧ ಗೆದ್ದ ಹಾಗೆ ಎಂದು ನಂಬಿದ್ದೆವು.

ಸೋಮವಾರ ಸೈರನ್ ಆಯಿತು. ರುದ್ರಮ್ಮ ಹಿಂದೆಯೇ ನಿಂತಳು. ನಾವೂ ನಿಂತೆವು, ಅರೆ ನಿಮಿಷ. ಎಲ್ಲರೂ ಕಾಂಟ್ರಾಕ್ಟಿನವರು, ಕೆಲಸ ಕೇಳಿಕೊಂಡು ಬಂದವರು ಗೇಟಿನಾಚೆ ಕಾಣುತ್ತಿದ್ದರು. ಒಂದೊಂದೇ ಜೋಡಿ ಶೂ ಹಳದಿಗೆ ಜಾರಿತು. ಮೊದಲು ಜಾರಿದ್ದು ನನ್ನದು.

ಶಶಿಕುಮಾರ್ ಬೈಯಲಿಲ್ಲ. ಪತ್ರದ ಪ್ರತಿಯನ್ನು ವೀರೇಶನ ಕೈಗೆ ಕೊಟ್ಟು, ಅಕ್ಕನಿಗೆ ಕನ್ನಡದಲ್ಲಿ ಬಿಡಿಸಿ ಹೇಳಪ್ಪ ಎಂದ. ವೀರೇಶ್ ತಲೆ ಎತ್ತದೆ ಓದಿದ. ಹಡಗಿನ ಸುದ್ದಿ ತೆಗೆಯಲಿಲ್ಲ.

"ಬರ್ಕೊಟ್ಬಿಡಕ್ಕ," ಎಂದ.

ರುದ್ರಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಪೆನ್ನು ತೆಗೆದುಕೊಂಡು, ಅವರು ಹೇಳಿದಂತೆಯೇ ಬರೆದುಕೊಟ್ಟಳು.

ಊಟದ ಹೊತ್ತಿಗೆ ಆಸ್ಪತ್ರೆಯಿಂದ ದೇವಕ್ಕನ ಫೋನು. ಅವಳ ಪರಿಹಾರದ ಕೇಸಿಗೆ ಇದ್ದದ್ದು ಆ ಒಂದೇ ಸಾಕ್ಷಿ.

"ನಿಜಾನೇ ಬರ್ದೆ ತಾನೆ, ರುದ್ರಿ?"

ರುದ್ರಮ್ಮ ಹೂಂ ಎಂದಳು. ನಮಗೆಲ್ಲ ಕೇಳಿಸಿತು. ನಾವು ಉಣ್ಣುತ್ತಲೇ ಇದ್ದೆವು.