ಹಳದಿ ಬಿಟ್ಟು ಬೇರೆ ಬಣ್ಣವಿಲ್ಲ

ಕಾಲೇಜಿನ ಮೊದಲ ವರ್ಷದಲ್ಲಿ ನನಗೆ ಬಿದ್ದ ಅಡ್ಡಹೆಸರು ‘ಹಳದಿ’. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಬೆಂಕಿಗೆ ಏನು ಹಿಡಿದರೂ ಅದು ಹಳದಿಯಾಗಿಯೇ ಉರಿಯುತ್ತಿತ್ತು, ಅದಕ್ಕೆ.

ಜ್ವಾಲೆ ಪರೀಕ್ಷೆ ಎಂದರೆ ಬ್ರಹ್ಮವಿದ್ಯೆಯೇನಲ್ಲ. ತೆಳ್ಳನೆಯ ಪ್ಲಾಟಿನಂ ತಂತಿಯನ್ನು ಆಮ್ಲದಲ್ಲಿ ಅದ್ದಿ, ಕೆಂಪಗೆ ಕಾಯಿಸಿ, ಶುದ್ಧ ಮಾಡಬೇಕು. ಅದರ ತುದಿಗೆ ಹೆಸರು ಹೇಳದೆ ಕೊಟ್ಟ ಲವಣವನ್ನು ಚೂರು ಅಂಟಿಸಿ ಬರ್ನರಿನ ನೀಲಿ ಜ್ವಾಲೆಗೆ ಹಿಡಿಯಬೇಕು. ಹಸಿರು ಬಂದರೆ ತಾಮ್ರ, ಕಡುಗೆಂಪು ಬಂದರೆ ಸ್ಟ್ರಾನ್ಷಿಯಂ, ತಿಳಿ ನೇರಳೆ ಬಂದರೆ ಪೊಟ್ಯಾಸಿಯಂ. ಅಕ್ಕಪಕ್ಕದ ಬೆಂಚುಗಳಲ್ಲಿ ಬಣ್ಣಗಳು ಒಂದಾದ ಮೇಲೊಂದು ಅರಳುತ್ತಿದ್ದರೆ ನನ್ನ ಬೆಂಚಿನಲ್ಲಿ ಮಾತ್ರ ಬುಸ್ಸೆಂದು ಹಳದಿ. ಬೇರೆ ಬಣ್ಣವೇನಾದರೂ ಇಣುಕಿದರೂ ಹಳದಿ ಅದನ್ನು ನುಂಗಿ ನೀರು ಕುಡಿಯುತ್ತಿತ್ತು. ಹಳದಿ ಎಂದರೆ ಸೋಡಿಯಂ. ನಮ್ಮ ಮೇಡಂ ಅದನ್ನಂತೂ ಯಾರಿಗೂ ಕೊಡುತ್ತಿರಲಿಲ್ಲ.

“ಸೋಡಿಯಂ ಕೊಡೋದೂ ಒಂದೇ, ಉತ್ತರಾನ ಚೀಟಿಯಲ್ಲಿ ಬರೆದು ಕೊಡೋದೂ ಒಂದೇ” ಎನ್ನುತ್ತಿದ್ದರು ಅವರು.

ಆ ಮೇಡಂಗೆ ನಾವು ಇಟ್ಟಿದ್ದ ಹೆಸರು ‘ಇಕ್ಕಳ’. ಒಮ್ಮೆ ಹಿಡಿದರೆ ಬಿಡುವವರಲ್ಲ. ನನ್ನ ಹಳದಿಯನ್ನೂ ಹಿಡಿದುಕೊಂಡರು. “ತಂತಿ ಸರಿಯಾಗಿ ತೊಳೀತಿಲ್ಲ ನೀನು. ಸೋಮಾರಿತನ!” ಎಂದು ಇಡೀ ಲ್ಯಾಬಿನೆದುರು ಹೇಳಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಮ್ಮ ಮನೆಯಲ್ಲಿ ಹುಟ್ಟಿದವರಿಗೆ ಏನು ಬೇಕಾದರೂ ಅನ್ನಿ, ಸೋಮಾರಿ ಅನ್ನುವಂತಿಲ್ಲ. ಹಲ್ಲು ಕಚ್ಚಿಕೊಂಡು ತಂತಿಯನ್ನು ಇನ್ನಷ್ಟು ತೊಳೆದೆ, ಇನ್ನಷ್ಟು ಒರೆಸಿದೆ. ಜ್ವಾಲೆ ಇನ್ನಷ್ಟು ಹಳದಿಯಾಯಿತು.

ಹೊಟ್ಟೆ ಉರಿಯುವ ಸಂಗತಿ ಎಂದರೆ ಆ ವಿಷಯ ನನಗೆ ಜೀವ. ಪರಮಾಣುವಿನ ಪಾಠ ಶುರುವಾದ ದಿನದಿಂದ ನಾನು ಅದರ ಹಿಂದೆ ಬಿದ್ದಿದ್ದೆ. ಎಲೆಕ್ಟ್ರಾನು ತನಗೆ ಗೊತ್ತುಮಾಡಿದ ಮೆಟ್ಟಿಲುಗಳ ಮೇಲೆ ಮಾತ್ರ ನಿಲ್ಲುತ್ತದೆ, ಎರಡು ಮೆಟ್ಟಿಲ ನಡುವೆ ಕಾಲೂರಲು ಅದಕ್ಕೆ ಜಾಗವೇ ಇಲ್ಲ ಎಂದು ಮೇಡಂ ಹೇಳಿದಾಗ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಬೆಂಕಿಯ ಕಾವು ಕುಡಿದು ಅದು ಮೇಲಕ್ಕೆ ಹಾರುತ್ತದಂತೆ. ಕೆಳಗಿಳಿಯುವಾಗ ಕುಡಿದದ್ದನ್ನು ಬೆಳಕಾಗಿ ಹಿಂದಕ್ಕೆ ಕೊಡುತ್ತದಂತೆ. ಒಂದೊಂದು ಧಾತುವಿನ ಮೆಟ್ಟಿಲುಗಳ ಅಂತರ ಒಂದೊಂದು ಥರ, ಆದ್ದರಿಂದ ಬಣ್ಣವೂ ಬೇರೆ ಬೇರೆ. ಇದನ್ನು ಓದಿದ ಮೇಲೆ ದೀಪ ನೋಡಿದರೂ ನನಗೆ ಯಾರೋ ಮೆಟ್ಟಿಲು ಇಳಿಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಆದರೆ ಕಾಲೇಜಿನ ನಿಯಮವೊಂದಿತ್ತು: ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾಗದವರಿಗೆ ಮುಂದಿನ ವರ್ಷ ರಸಾಯನಶಾಸ್ತ್ರ ಸಿಗುವುದಿಲ್ಲ, ಬೇರೆ ವಿಷಯ ನೋಡಿಕೊಳ್ಳಬೇಕು.

“ಹೀಗೇ ಆದ್ರೆ ಮುಂದಿನ ವರ್ಷ ನನ್ನ ಕ್ಲಾಸಲ್ಲಿ ನೀನಿರಲ್ಲ, ತಿಳ್ಕೊ” ಎಂದರು ಇಕ್ಕಳ ಮೇಡಂ ಒಂದು ದಿನ, ಎಲ್ಲರೂ ಹೋದ ಮೇಲೆ.

ನನಗೆ ರೇಗಿತು. “ಮೇಡಂ, ನೀವೇ ಹೇಳಿದ್ದಲ್ವಾ, ಈ ಹಳದಿ ಸೋಡಿಯಂ ಒಂದರದ್ದೇ ಅಂತ? ತಾಮ್ರದ ಎಲೆಕ್ಟ್ರಾನು ದಾರಿ ತಪ್ಪಿ ಸೋಡಿಯಂ ಮೆಟ್ಟಿಲು ಇಳಿಯೋಕಾಗುತ್ತಾ?”

“ಆಗಲ್ಲ.”

“ಅಂದ್ರೆ ಬೆಂಕಿ ಸುಳ್ಳು ಹೇಳ್ತಿಲ್ಲ. ಸೋಡಿಯಂ ಎಲ್ಲಿಂದಲೋ ಬರ್ತಾ ಇದೆ. ಎಲ್ಲಿಂದ?”

ಮೇಡಂ ಬಾಗಿಲಿಗೆ ಹಾಕಲು ತೆಗೆದಿದ್ದ ಬೀಗವನ್ನು ಮತ್ತೆ ಮೇಜಿನ ಮೇಲಿಟ್ಟರು. ಅವರ ಮುಖ ನೋಡಿದರೆ, ವರ್ಷವಿಡೀ ಯಾರಾದರೂ ಹೀಗೆ ಕೇಳಲಿ ಎಂದು ಕಾಯುತ್ತಿದ್ದ ಹಾಗಿತ್ತು. “ಸರಿ, ಹುಡುಕು” ಎಂದು ಸ್ಟೂಲೆಳೆದು ಕೂತರು.

ಒಂದೊಂದಾಗಿ ಸುಟ್ಟೆ. ಕಾಯಿಸಿದ ಖಾಲಿ ತಂತಿ ಹಿಡಿದೆ, ಜ್ವಾಲೆ ನೀಲಿಯಾಗಿಯೇ ಇತ್ತು. ಆಮ್ಲದಲ್ಲಿ ಅದ್ದಿ ಹಿಡಿದೆ, ನೀಲಿ. ಲ್ಯಾಬಿನ ಶುದ್ಧ ನೀರಿನಲ್ಲಿ ಅದ್ದಿ ಹಿಡಿದೆ, ಆಗಲೂ ನೀಲಿ. ಇನ್ನು ಉಳಿದದ್ದು ಲವಣದ ಬಾಟಲಿಗಳು ಎಂದುಕೊಂಡು, ಅದಕ್ಕೂ ಮುಂಚೆ ಖಾಲಿ ತಂತಿಯನ್ನು ಇನ್ನೊಮ್ಮೆ ಹಿಡಿದರೆ ಭಗ್ಗನೆ ಹಳದಿ!

“ಈಗ ತಾನೇ ನೀಲಿ ಇತ್ತು. ಮಧ್ಯದಲ್ಲಿ ಏನ್ಮಾಡಿದೆ?” ಮೇಡಂ ಎದ್ದು ನಿಂತಿದ್ದರು.

“ಏನೂ ಇಲ್ಲ ಮೇಡಂ. ಒರೆಸಿದೆ, ಅಷ್ಟೆ.”

“ಯಾವುದರಲ್ಲಿ ಒರೆಸಿದೆ?”

ನಾನು ನನ್ನ ಬಿಳಿ ಕೋಟಿನ ಅಂಚು ನೋಡಿಕೊಂಡೆ. ಮೇಡಂ ಅದರಿಂದ ಒಂದು ನೂಲೆಳೆದು, ಚಿಮಟದಲ್ಲಿ ಹಿಡಿದು ಬರ್ನರಿಗೆ ಕೊಟ್ಟರು. ಜ್ವಾಲೆ ಎಷ್ಟು ಹಳದಿಯಾಯಿತೆಂದರೆ ಇಬ್ಬರ ಮುಖಕ್ಕೂ ಕಾಮಾಲೆ ಹಿಡಿದಂತೆ ಕಂಡಿತು.

“ನಿಮ್ಮನೇಲಿ ಏನ್ ಕೆಲಸ ಮಾಡ್ತಾರಮ್ಮ?”

“ಕಡಲೆಬೀಜ ಹುರೀತಾರೆ ಮೇಡಂ. ಉಪ್ಪಿನ ಕಡಲೆಬೀಜ.”

ಇಕ್ಕಳ ಮೇಡಂ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಮ್ಮ ಮನೆಯ ಕೆಳಗಡೆ ಅಂಗಡಿ, ಅಂಗಡಿಯ ಹಿಂದೆ ಒಲೆ. ಬೀಜವನ್ನು ಉಪ್ಪುನೀರಿನಲ್ಲಿ ನೆನೆಸಿ, ಆರಿಸಿ, ದೊಡ್ಡ ಬಾಣಲೆಯಲ್ಲಿ ಕಾದ ಉಪ್ಪಿನೊಳಗೇ ಹುರಿಯುವುದು ಅಪ್ಪನ ಪದ್ಧತಿ. ಅಪ್ಪ ಜಾಲರಿ ಸೌಟಿನಲ್ಲಿ ಎತ್ತಿ ಕೊಡವುವಾಗ ನವಿರಾದ ಉಪ್ಪಿನ ದೂಳು ಏಳುತ್ತದೆ. ನಮಗದು ಕಾಣುವುದೂ ಇಲ್ಲ. ಗೋಡೆ, ಮೆಟ್ಟಿಲು, ಅಜ್ಜಿಯ ಕನ್ನಡಕ, ಎಲ್ಲದರ ಮೇಲೂ ಅದು ಕೂತಿರುತ್ತದೆ. ನನ್ನ ಬಿಳಿ ಕೋಟು ಒಗೆದ ಮೇಲೆ ಬೇಗ ಒಣಗಲೆಂದು ಅಮ್ಮ ನೇತುಹಾಕುತ್ತಿದ್ದದ್ದು ಒಲೆಯ ಪಕ್ಕದ ಹಗ್ಗಕ್ಕೆ. ಇನ್ನು ಒರೆಸುವ ಅಭ್ಯಾಸ, ಅದೂ ಅಮ್ಮನ ವರವೇ. “ಒರೆಸದೆ ಯಾವುದನ್ನೂ ಮುಟ್ಟಬೇಡ” ಎಂದು ನಡೆಯಲು ಕಲಿತಾಗಿನಿಂದ ಹೇಳಿಸಿಕೊಂಡವಳು ನಾನು. ನನ್ನ ಕೈ ನನ್ನನ್ನು ಕೇಳದೆಯೇ ಒರೆಸುತ್ತದೆ. ಇಡೀ ತರಗತಿಯಲ್ಲಿ ತಂತಿಯನ್ನು ಅಷ್ಟು ಶ್ರದ್ಧೆಯಿಂದ ಒರೆಸುತ್ತಿದ್ದವಳು ನಾನೊಬ್ಬಳೇ.

ಮನೆಯಲ್ಲಿ ವಿಷಯ ಹೇಳಿದೆ. ಅಜ್ಜಿಗೆ ಸಿಟ್ಟು ಬಂತು.

“ಈ ಉಪ್ಪಿನಿಂದಲೇ ನಿನ್ನ ಹೊಟ್ಟೆ ತುಂಬಿದ್ದು. ಈಗ ಅದರ ಮೇಲೇ ತಪ್ಪು ಹೊರಿಸ್ತೀಯಾ?”

“ತಪ್ಪಲ್ಲ ಅಜ್ಜಿ, ಅದಕ್ಕೆ ಬೆಂಕೀಲಿ ಬಣ್ಣ ಜಾಸ್ತಿ.”

“ಅವರು ಕೊಡೋ ಪುಡೀನ ನಾಲಿಗೆ ಮೇಲೆ ಇಟ್ಟು ನೋಡು, ಗೊತ್ತಾಗುತ್ತೆ. ನಾವೇನು ಬೆಂಕಿ ಹಚ್ಚಿ ಉಪ್ಪು ನೋಡ್ತೀವಾ?”

“ಅಲ್ಲಿ ನಾಲಿಗೆ ಮೇಲೆ ಇಟ್ಟೋರು ಆಸ್ಪತ್ರೆ ಸೇರ್ತಾರೆ ಅಜ್ಜಿ.”

“ಅಂಥ ಅಡುಗೆಮನೆ ನಮಗ್ಯಾಕೆ?” ಎಂದಳು ಅಜ್ಜಿ. ಲ್ಯಾಬನ್ನು ಆಕೆ ಕೊನೆಯವರೆಗೂ ಅಡುಗೆಮನೆ ಎಂದೇ ತಿಳಿದಿದ್ದಳು.

ಅಪ್ಪ ಸೌಟು ಹಿಡಿದ ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ, ಯಾರೂ ಕೇಳದೆಯೇ, “ನಾಳೆಯಿಂದ ಒಲೆ ಹಚ್ಚಲ್ಲ. ಇವಳ ಪರೀಕ್ಷೆ ಮುಗೀಲಿ” ಎಂದ. ಅಮ್ಮ ಅವನ ಮುಖ ನೋಡಿದಳು. ಜ್ವರ ಬಂದಾಗಲೂ ಸೌಟು ಕೆಳಗಿಟ್ಟವನಲ್ಲ ಅಪ್ಪ. ನಾನು ಬೇಡವೆಂದೆ. “ನೀನು ಸುಮ್ನಿರು” ಎಂದ.

ಅಮ್ಮ ಮನೆಯನ್ನು ಮೇಲಿಂದ ಕೆಳಗಿನವರೆಗೆ ತೊಳೆದಳು. ನನಗೆಂದು ಹೊಸ ಕೋಟೊಂದನ್ನು ಕೊಂಡು, ಅದನ್ನು ಬೀದಿಯ ಕೊನೆಯ ಇಸ್ತ್ರಿಯಂಗಡಿಯಲ್ಲೇ ಒಗೆಸಿ, ಅಲ್ಲೇ ಒಣಗಿಸಿ, ಕಾಗದದಲ್ಲಿ ಸುತ್ತಿಸಿ ತಂದಳು. ಮನೆಯೊಳಗೆ ಬಿಚ್ಚಲು ಬಿಡಲಿಲ್ಲ. ಪರೀಕ್ಷೆಯ ದಿನ ನಾನು ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಉಪ್ಪು ತಾಗೀತು ಎಂದು ಮಗಳನ್ನು ಮುಟ್ಟದೆ, “ಹೋಗಿ ಬಾ” ಎಂದು ದೂರದಿಂದಲೇ ಹೇಳಿದ. ಅಪ್ಪನ ಕೈಯನ್ನು ನಾನೇ ಕೊಳಕು ಮಾಡಿದಂತೆ ಅನ್ನಿಸಿ, ಬೀದಿ ತಿರುಗುವವರೆಗೂ ಹಿಂದೆ ನೋಡಲಾಗಲಿಲ್ಲ. ಅಳು ಬಂತು, ಅಳಲಿಲ್ಲ. ಕಣ್ಣೀರಿನಲ್ಲೂ ಸೋಡಿಯಂ ಇದೆ.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಮಿತಭಾಷಿ. ನನ್ನ ಪಾಲಿಗೆ ಬಂದದ್ದು ಒಂದು ಬಿಳಿ ಪುಡಿ. ತಂತಿ ತೊಳೆದೆ, ಕಾಯಿಸಿದೆ. ಕೈ ತಾನಾಗಿ ಕೋಟಿನ ಕಡೆ ಹೊರಟಾಗ ಎಡಗೈಯಿಂದ ಹಿಡಿದು ನಿಲ್ಲಿಸಿದೆ. ಪುಡಿ ಅಂಟಿಸಿ ಜ್ವಾಲೆಗೆ ಹಿಡಿದೆ.

ಹಳದಿ.

ಹಿಂದಿನ ಬೆಂಚಿನವಳು ಕಿಸಕ್ಕೆಂದಳು. ಹಾಳಾದ್ದು, ಇಷ್ಟೆಲ್ಲ ಮಾಡಿಯೂ ನನ್ನನ್ನು ಬಿಡಲಿಲ್ಲವಲ್ಲ! ಸೋಡಿಯಂ ಯಾರೂ ಕೊಡುವುದಿಲ್ಲ, ಇದು ಪೊಟ್ಯಾಸಿಯಂ ಇರಬೇಕು, ನೇರಳೆಯನ್ನು ನನ್ನ ಹಳದಿ ಮುಚ್ಚಿರಬೇಕು, ಪೊಟ್ಯಾಸಿಯಂ ಎಂದೇ ಬರೆದುಬಿಡೋಣ ಎಂದು ಲೇಖನಿ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ನನ್ನ ಕೋಟು ಇಸ್ತ್ರಿಯಂಗಡಿಯದು. ನನ್ನ ಮನೆಯ ಒಲೆ ಆರಿದೆ. ಹಾಗಾದರೆ ಈ ಹಳದಿ ನನ್ನದು ಹೇಗಾದೀತು?

ತಂತಿಯನ್ನು ಮತ್ತೆ ತೊಳೆದೆ. ಈ ಸಲ ಏನೂ ಅಂಟಿಸದೆ, ಖಾಲಿಯಾಗಿ ಹಿಡಿದೆ. ಜ್ವಾಲೆ ಅಲ್ಲಾಡದೆ ನೀಲಿಯಾಗಿ ನಿಂತಿತು. ಪುಡಿ ಅಂಟಿಸಿ ಹಿಡಿದೆ, ಹಳದಿ. ಖಾಲಿ, ನೀಲಿ. ಪುಡಿ, ಹಳದಿ. ಪುಡಿಯ ಚೂರನ್ನು ನೀರಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹನಿಸಿದೆ, ಬೆಳ್ಳಗೆ ಹಾಲೊಡೆದ ಹಾಗಾಯಿತು. ಕ್ಲೋರೈಡ್. ಲೇಖನಿ ಒತ್ತಿ ಬರೆದೆ: ಸೋಡಿಯಂ ಕ್ಲೋರೈಡ್.

ಪರೀಕ್ಷಕರು ಹಾಳೆ ನೋಡಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಹಳದಿ ಎಲ್ಲಿಂದ ಬೇಕಾದ್ರೂ ಬರುತ್ತೆ. ನಿನ್ನ ಕೈಯಿಂದ ಬಂದಿದ್ದಲ್ಲ ಅಂತ ಹೇಗೆ ಹೇಳ್ತೀಯ?”

“ನೋಡಿ ಸರ್” ಎಂದು ಖಾಲಿ ತಂತಿ ಹಿಡಿದು ತೋರಿಸಿದೆ. ಗೋಡೆಯ ಪಕ್ಕ ನಿಂತಿದ್ದ ಇಕ್ಕಳ ಮೇಡಂ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವರ ಹಾಗೆ ತಿರುಗಿಕೊಂಡರು.

“ಸರಿ. ಈ ಉಪ್ಪಿನಲ್ಲಿ ಬಂಧ ಎಂಥದು?”

“ಅಯಾನಿಕ ಬಂಧ ಸರ್. ಸೋಡಿಯಂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನ ಕ್ಲೋರಿನ್‌ಗೆ ಕೊಟ್ಟುಬಿಡುತ್ತೆ. ಕೊಟ್ಟಿದ್ದು ಧನ, ತಗೊಂಡಿದ್ದು ಋಣ. ಎರಡೂ ಒಂದನ್ನೊಂದು ಬಿಡಲ್ಲ.”

“ಕೊಟ್ಟುಬಿಟ್ಟ ಮೇಲೆ ಬೆಂಕೀಲಿ ಮೆಟ್ಟಿಲು ಇಳಿಯೋಕೆ ಎಲೆಕ್ಟ್ರಾನ್ ಎಲ್ಲಿದೆ? ಹಳದಿ ಹೇಗೆ ಬಂತು?”

ಈ ಪ್ರಶ್ನೆಯ ಮೇಲೆ ನಾನು ಇಕ್ಕಳ ಮೇಡಂ ಜೊತೆ ಜಗಳವನ್ನೇ ಆಡಿದ್ದೆ. “ಆ ಕಾವಿಗೆ ಉಪ್ಪು ಆವಿಯಾಗಿ ಬೇರ್ಪಡುತ್ತೆ ಸರ್. ಅಲ್ಲಿ ಸೋಡಿಯಂಗೆ ಎಲೆಕ್ಟ್ರಾನ್ ವಾಪಸ್ ಸಿಗುತ್ತೆ. ಹಾರಿ ಇಳಿಯೋದು ಅದೇ.”

ಪರೀಕ್ಷಕರು ಏನೋ ಬರೆದುಕೊಂಡು, “ಹೋಗಮ್ಮ” ಎಂದರು. ಬಾಗಿಲ ಹತ್ತಿರ ಇಕ್ಕಳ ಮೇಡಂ ನನ್ನ ಕಿವಿಯಲ್ಲಿ, “ಮುಂದಿನ ವರ್ಷಕ್ಕೂ ಆ ಕೋಟು ಇಸ್ತ್ರಿಯಂಗಡೀಲೇ ಒಗೆಸು” ಎಂದರು. ಅರ್ಥವಾಗಲು ನನಗೆ ಮೊದಲ ಮಹಡಿ ಇಳಿಯುವಷ್ಟು ಹೊತ್ತು ಬೇಕಾಯಿತು. ಆಮೇಲೆ ಉಳಿದ ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದೆ.

ಮನೆಗೆ ಬಂದರೆ ಅಂಗಡಿಯ ಮುಂದೆ ಗಿರಾಕಿಗಳು ಗೊಣಗುತ್ತಿದ್ದರು. ಅಪ್ಪ ಅವರಿಗೆ ಸಮಾಧಾನ ಹೇಳಿ ಹೇಳಿ ಸುಸ್ತಾಗಿದ್ದ. ನನ್ನನ್ನು ಕಂಡದ್ದೇ ಎದ್ದ. ಅಮ್ಮನೂ ಅಜ್ಜಿಯೂ ಒಳಗಿನಿಂದ ಬಂದರು.

“ಪಾಸು” ಎಂದೆ.

“ಏನ್ ಕೊಟ್ಟಿದ್ರು?” ಎಂದ ಅಪ್ಪ.

“ಉಪ್ಪು.”

“ಅದೇ, ಯಾವ ಲವಣ?”

“ಉಪ್ಪು ಅಂದ್ರೆ ಉಪ್ಪೇ ಅಪ್ಪ. ದಿನಾ ನೀನು ಬಾಣಲೆಗೆ ಸುರೀತೀಯಲ್ಲ, ಅದೇ.”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. “ನಾಲಿಗೆ ಮೇಲೆ ಇಟ್ಟು ನೋಡು ಅಂತ ಬಡ್ಕೊಂಡೆ ನಾನು!” ಗಿರಾಕಿಗಳಿಗೂ ಏನೋ ಅರ್ಥವಾಗಿ ನಗತೊಡಗಿದರು. ಅಮ್ಮ ನೆಲ ಉಜ್ಜಿ ಉಜ್ಜಿ ಸವೆದ ತನ್ನ ಕೈ ತೋರಿಸಿ ನಕ್ಕಳು. ಅಪ್ಪನೂ ನಕ್ಕ, ಆದರೆ ಪೂರ್ತಿ ನಗಲಿಲ್ಲ.

“ಹಾಗಾದ್ರೆ ಒಲೆ ಆರಿಸಿದ್ದು ದಂಡ ಆಯ್ತಲ್ಲ ಮಗಳೇ. ಹುರೀತಾ ಇದ್ದಿದ್ರೂ ನಿನಗೆ ಹಳದೀನೇ ಬರ್ತಿತ್ತು.”

“ಬರ್ತಿತ್ತಪ್ಪ. ಆದ್ರೆ ಅದನ್ನ ನಾನು ನಂಬ್ತಿರಲಿಲ್ಲ.”

ಅಪ್ಪ ಗಿರಾಕಿಗಳ ಕಡೆ ತಿರುಗಿ, “ಒಂದ್ ಸ್ವಲ್ಪ ಕೂತ್ಕೊಳ್ಳಿ, ಬಿಸಿಬಿಸಿ ಕೊಡ್ತೀನಿ” ಎಂದು ಗಟ್ಟಿಯಾಗಿ ಕೂಗಿ, ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟ.