ಹಡಗಿನೊಳಗಿನವರು

"ನಮ್ಮವರೆಲ್ಲಾ ಎಲ್ಲಿ ಹೋದ್ರು?" ಎಂದು ಷಡ್ಡಕ ಕೇಳಿದಾಗ ಹಲ್ಲಣ್ಣ ಹಡಗಿನ ಮೇಲೆ ಮುಚ್ಚಿದ್ದ ಗಾಜಿನ ಪೆಟ್ಟಿಗೆಯನ್ನು ಎತ್ತಿ ಕೆಳಗಿಡುತ್ತಿದ್ದ. ಕೇಳಿಸದವನಂತೆ ಅದನ್ನು ಇನ್ನಷ್ಟು ಗೋಡೆಯತ್ತ ಸರಿಸಿದ.

ಮೇಜಿನ ಉದ್ದಕ್ಕೂ ನಿಂತಿದ್ದ ಮೂರು ಕಂಬದ ಮಾದರಿ ಹಡಗನ್ನು ಷಡ್ಡಕ ಕುರ್ಚಿಯಲ್ಲಿ ಕೂತೇ ಬಗ್ಗಿ ನೋಡುತ್ತಿದ್ದ. ಲಕ್ವ ಹೊಡೆದ ಬಲಗೈ ಅವನ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಾಯಿಯ ಒಂದು ಮೂಲೆ ಕೊಂಚ ಜೋತಿತ್ತು. ಕಣ್ಣು ಮಾತ್ರ ಹಳೆಯದೇ. ಹಡಗಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ ಎಂಬುದನ್ನು ಅದು ಬಂದ ಕ್ಷಣವೇ ಹಿಡಿದಿತ್ತು.

ಹಲ್ಲಣ್ಣ ಕೃತಕ ಹಲ್ಲು ಕಟ್ಟುವ ಕಸುಬಿನವನು. ಡಾಕ್ಟರುಗಳು ಕಳಿಸಿದ ಅಚ್ಚಿಗೆ ತಕ್ಕಂತೆ ಹಲ್ಲಿನ ಸಾಲು ಮಾಡಿಕೊಡುವುದು ಅವನ ಕೆಲಸ. ಊರಲ್ಲಿ ಅರ್ಧಕ್ಕರ್ಧ ಜನ ನಕ್ಕರೆ ಕಾಣುವುದು ಅವನ ಕೈಚಳಕವೇ. ಆದರೆ ಅದನ್ನು ಹೊಗಳುವವರು ಯಾರು? ಹಲ್ಲು ಕಟ್ಟಿಸಿಕೊಂಡದ್ದು ಗೊತ್ತಾಗದಿದ್ದರೇ ಅದು ಒಳ್ಳೆಯ ಕೆಲಸ. ಆ ಹೊಗಳಿಕೆಯ ಹಸಿವನ್ನೆಲ್ಲ ಅವನು ಹಡಗು ಕಟ್ಟಿ ತೀರಿಸಿಕೊಳ್ಳುತ್ತಿದ್ದ. ಹೊಲಿಗೆ ದಾರಕ್ಕೆ ಮೇಣ ಸವರಿ ಹಗ್ಗ ಹೊಸೆಯುತ್ತಿದ್ದ, ಒಂದೊಂದು ಹಲಗೆಯನ್ನೂ ನೀರಲ್ಲಿ ನೆನೆಸಿ ಬಗ್ಗಿಸುತ್ತಿದ್ದ.

ಷಡ್ಡಕ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಯಂತ್ರದ ಬೋರ್ಡು ಬಂದು ಆ ಕೆಲಸ ಕೈಬಿಟ್ಟ ಮೇಲೆ ಅವನ ಕುಂಚ ಸಣ್ಣದಾಗುತ್ತಾ ಹೋಗಿ, ಕಿರುಬೆರಳಿನ ಅರ್ಧದಷ್ಟು ಎತ್ತರದ ಸೀಸದ ಮನುಷ್ಯರಿಗೆ ಬಣ್ಣ ಹಚ್ಚುವಲ್ಲಿಗೆ ಬಂದು ನಿಂತಿತು. ಹಲ್ಲಣ್ಣ ಹಡಗು ಕಟ್ಟುವುದು, ಷಡ್ಡಕ ಅದಕ್ಕೆ ಜನ ಕೊಡುವುದು. "ನಾನು ಮನೆ ಕಟ್ತೀನಿ, ಅವನು ಬಾಡಿಗೆಯವ್ರನ್ನ ಕರ್ಕೊಂಡು ಬರ್ತಾನೆ" ಎಂದು ಹಲ್ಲಣ್ಣ ನಗೆಯಾಡುತ್ತಿದ್ದ. ಅವರ ಹೆಂಡತಿಯರಾದ ಅಕ್ಕತಂಗಿಯರು ಕೂಡ ಅಷ್ಟು ಹೊಂದಿಕೊಂಡು ಇದ್ದವರಲ್ಲ.

ಆ ನಗೆ ಹುಳಿಯಾದದ್ದು ಒಂದು ಪ್ರದರ್ಶನದಲ್ಲಿ. ಜನ ಹಡಗಿನ ಮುಂದೆ ಬಗ್ಗಿ ಬಗ್ಗಿ ನೋಡಿದ್ದೇನೋ ನಿಜ. "ಅಯ್ಯೋ, ಇವನ ಮೀಸೆ ನೋಡ್ರೀ!" "ಇವನ್ಯಾರೋ ಆಕಳಿಸ್ತಾ ಇದಾನೆ, ಪಾಪ!" ಹಗ್ಗದ ಕಡೆಗೆ, ಹಲಗೆಯ ಕಡೆಗೆ ಒಬ್ಬರೂ ಕಣ್ಣೆತ್ತಲಿಲ್ಲ. ಕೊನೆಗೊಬ್ಬ ಹೆಂಗಸು ಹಲ್ಲಣ್ಣನನ್ನೇ ಕೇಳಿದಳು: "ಈ ಬೊಂಬೆಗಳನ್ನ ನೀವೇ ಮಾಡಿದ್ದಾ? ಅಲ್ವಾ? ಮತ್ತೆ ನೀವೇನು ಮಾಡಿದ್ರಿ?"

ಅವನಿಗೆ ಮೈಯೆಲ್ಲ ಉರಿದುಹೋಯಿತು. ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ. ಮುಂದಿನ ಹಡಗಿಗೆ, ಅಂದರೆ ಈಗ ಮೇಜಿನ ಮೇಲಿರುವ ಇದಕ್ಕೆ, ಷಡ್ಡಕ ಹತ್ತಿಯಲ್ಲಿ ಸುತ್ತಿ ಕಳಿಸಿದ ಜನರನ್ನು ನೆಟ್ಟಗೆ ನೋಡಲೂ ಇಲ್ಲ. ಎಲ್ಲರನ್ನೂ ಕೆಳಗಿನ ಅಂತಸ್ತಿನಲ್ಲಿ ನಿಲ್ಲಿಸಿ, ಮೇಲೆ ಹಲಗೆ ಹೊದಿಸಿಬಿಟ್ಟ. ಯಾವಾಗಲೂ ಮರದ ಅಂಟು ಹಚ್ಚಿ ಒಂದು ರಾತ್ರಿ ಒಣಗಲು ಬಿಡುವವನು, ಎಲ್ಲಿ ಮನಸ್ಸು ಬದಲಾಗುವುದೋ ಎಂದು ಅಂದು ಹಚ್ಚಿದೊಡನೆ ಹಿಡಿಯುವ ಅಂಟನ್ನೇ ಸುರಿದ. ಆ ಸಲದ ಪ್ರದರ್ಶನದಲ್ಲಿ ಜನ "ಎಷ್ಟು ಅಚ್ಚುಕಟ್ಟು" ಎಂದರು, ಮುಂದೆ ನಡೆದರು. ಬಗ್ಗಿ ನೋಡಿದವರು ಯಾರೂ ಇಲ್ಲ. ಅದಾದ ಸ್ವಲ್ಪ ದಿನಕ್ಕೆ ಷಡ್ಡಕನ ಕೈ ಬಿದ್ದುಹೋಯಿತು.

"ಎಲ್ಲಿ ಅಂದ್ನಲ್ಲಣ್ಣ," ಎಂದ ಷಡ್ಡಕ ಮತ್ತೆ.

"ಒಳಗಿದಾರೆ. ಕೆಳಗಿನ ಅಂತಸ್ತಲ್ಲಿ. ಬಣ್ಣಕ್ಕೆ ಬಿಸಿಲು ತಾಗಬಾರ್ದು ನೋಡು, ಅದಕ್ಕೆ."

"ಈ ರೂಮಿಗೆ ಬಿಸಿಲು ಯಾವತ್ತು ಬಂದಿತ್ತು?" ಎಂದಳು ಬಾಗಿಲಲ್ಲಿ ತಂಗಿಯ ಜೊತೆ ನಿಂತಿದ್ದ ಹಲ್ಲಣ್ಣನ ಹೆಂಡತಿ. ಅವನು ಅವಳನ್ನು ದುರುಗುಟ್ಟಿ ನೋಡಿದ.

ಷಡ್ಡಕ ಅರ್ಧ ಬಾಯಲ್ಲೇ ನಕ್ಕ. "ಕೆಲಸಕ್ಕೆ ಅಂತ ಕಳಿಸಿದ್ರೆ ಮಲಗೋಕೆ ಕಳಿಸಿಬಿಟ್ಯಾ? ಹೋಗ್ಲಿ, ಚುಕ್ಕಾಣಿಯವನ ಹಲ್ಲು ಹೇಗಿತ್ತು?"

"ಹಲ್ಲಾ?"

"ನಗ್ತಾ ಇದಾನಲ್ಲ ಅವನು. ಒಂದು ಬಿಳಿ ಗೆರೆ ಎಳೆದ್ರೆ ಆಗ್ತಿತ್ತು. ನೀನು ನೋಡಿದ್ರೆ ಬೈತೀಯ ಅಂತ ಒಂದೊಂದೇ ಹಲ್ಲು ಇಟ್ಟೆ. ನಿನಗೆ ಅಂತಾನೇ ಇಟ್ಟಿದ್ದು. ನೀನು ಏನೂ ಹೇಳ್ಲಿಲ್ಲ. ಸರಿಯಾಗಿ ಬಂದಿಲ್ವೇನೋ ಅಂದ್ಕೊಂಡೆ. ಇನ್ನೊಂದು ಸಲ ಮಾಡೋಣ ಅಂದ್ರೆ ಈ ಕೈ ಹೀಗಾಯ್ತು."

ಅಷ್ಟು ದಿನವೂ ಷಡ್ಡಕ ಅದನ್ನೇ ಯೋಚಿಸುತ್ತಿದ್ದನೆಂದು ಹಲ್ಲಣ್ಣನಿಗೆ ಆಗ ಹೊಳೆಯಿತು. ತಾನು ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು ಹವಾಮಾನದ ಬಗ್ಗೆ, ಔಷಧಿಯ ಬಗ್ಗೆ ಮಾತಾಡಿ ಎದ್ದು ಬಂದಿದ್ದ. ಹಲ್ಲಿನ ಬಗ್ಗೆ ಒಂದು ಮಾತು ಆಡಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

"ತೆಗೀತೀನಿ ತಾಳು," ಎಂದು ಅಚ್ಚು ಕೊಯ್ಯುವ ಸಣ್ಣ ಗರಗಸ ಎತ್ತಿಕೊಂಡ.

"ಹಡಗು?" ಎಂದಳು ಹೆಂಡತಿ.

"ಬೇಡ ಬಿಡಣ್ಣ, ಹಗ್ಗ ಎಲ್ಲಾ ಬಿಚ್ಚಿಹೋಗುತ್ತೆ," ಎಂದ ಷಡ್ಡಕ.

ಹಗ್ಗ ಬಿಚ್ಚಿಹೋಯಿತು. ನಡುಗಂಬ ವಾಲಿ ಮೇಜಿನ ಮೇಲೊರಗಿತು. ಹಲಗೆ ಕಟ್ಟೆಂದು ಸೀಳಿತು. ಆದರೂ ಹಲ್ಲಣ್ಣ ಬಿಡಲಿಲ್ಲ. ಸೀಳನ್ನು ಅಗಲಿಸಿ, ದೀಪ ಬಗ್ಗಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿದ.

ಒಳಗಿದ್ದವರೆಲ್ಲ ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗಿದ್ದರು.

ಅವನಿಗೆ ಕೂಡಲೇ ತಿಳಿಯಿತು. ಆ ಅಂಟಿನಿಂದ ಕಣ್ಣಿಗೆ ಕಾಣದ ಆವಿ ಏಳುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಒಳಗಿದ್ದುದರ ಮೇಲೆಲ್ಲ ಬಿಳಿ ಪೊರೆಯಾಗಿ ಕೂತುಬಿಡುತ್ತದೆ. ಹಡಗು ಕಟ್ಟುವುದನ್ನು ಕಲಿಯಲು ಬಂದವರಿಗೆ ಮೊದಲ ದಿನವೇ ಅವನು ಹೇಳಿಕೊಡುವ ಮಾತು ಅದು. ಚಿಮಟದಿಂದ ಚುಕ್ಕಾಣಿಯವನನ್ನು ಎತ್ತಿ, ಷಡ್ಡಕ ಚಾಚಿದ ಎಡಗೈಯಲ್ಲಿಟ್ಟ.

"ಇದ್ಯಾರು?" ಎಂದ ಷಡ್ಡಕ. ಆಮೇಲೆ ಮೂಗಿನ ಹತ್ತಿರ ತಂದು ನೋಡಿ, "ಓ... ಅಂಟು," ಎಂದ. ಅಂಗೈಯನ್ನು ದೀಪದ ಹತ್ತಿರ ಹಿಡಿದ. ಆಮೇಲೆ, "ಪಾಪ, ಕತ್ತಲಲ್ಲಿ ಕೂತು ಕೂತು ಎಲ್ರಿಗೂ ತಲೆ ನೆರೆತುಬಿಟ್ಟಿದೆ," ಎಂದ. ಅವನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು.

"ಭಾಳಾ ಚೆನ್ನಾಗಿತ್ತು ಕಣೋ ಹಲ್ಲು" ಎಂದುಬಿಡಬಹುದಿತ್ತು. ಷಡ್ಡಕ ನಂಬುತ್ತಿದ್ದ, ಬೇಕಿದ್ದದ್ದೂ ಅಷ್ಟೇ. ಮಾತು ಹಲ್ಲಣ್ಣನ ತುಟಿಯ ತನಕ ಬಂದಿತ್ತು.

"ನಾನು ನೋಡ್ಲಿಲ್ಲ," ಎಂದ. "ನಾನು ನೋಡ್ಲೇ ಇಲ್ಲ ಕಣೋ."

ಷಡ್ಡಕ ಅವನ ಮುಖ ನೋಡಿದ, ಯಾಕೆಂದು ಕೇಳಲಿಲ್ಲ. ಅಂಗೈಯನ್ನು ಅವನ ಕಡೆಗೆ ಚಾಚಿದ. "ಈಗ ನೋಡು ಹಂಗಾದ್ರೆ."

ಹಲ್ಲಣ್ಣ ಬೊಂಬೆ ತೆಗೆದುಕೊಂಡು, ಬೆರಳು ನಾಲಿಗೆಗೆ ಒತ್ತಿ ಅದರ ಮುಖದ ಮೇಲೆ ಮೆಲ್ಲಗೆ ಸವರಿದ. ಒದ್ದೆಯಾದ ಕಡೆ ಪೊರೆ ಮಾಯವಾಗಿ ಕೆಳಗಿನ ಬಣ್ಣ ಎದ್ದುಬಂತು. ಬಿಸಿಲಿಗೆ ಕಂದಿದ ಕೆನ್ನೆ, ಕಣ್ಣಂಚಿನ ಸುಕ್ಕು, ತೆರೆದ ಬಾಯಿ. ಬಾಯೊಳಗೆ ಒಂದೊಂದಾಗಿ ಹಲ್ಲು, ಮುಂದಿನ ಒಂದು ಹಲ್ಲು ಮಾತ್ರ ಕೂದಲೆಳೆಯಷ್ಟು ವಾರೆ. ಕಟ್ಟಿಸಿದ ಹಲ್ಲೆಂದು ಗೊತ್ತಾಗಬಾರದೆಂದು ಹಲ್ಲಣ್ಣ ತನ್ನ ಕೆಲಸದಲ್ಲಿ ಯಾವಾಗಲೂ ಒಂದು ಹಲ್ಲನ್ನು ಹಾಗೆ ಇಡುತ್ತಿದ್ದ. ಯಾರಿಗೂ ಹೇಳಿದ್ದಿಲ್ಲ, ಯಾರೂ ಗಮನಿಸಿದ್ದೂ ಇಲ್ಲ ಎಂದುಕೊಂಡಿದ್ದ.

"ನೋಡಿಲ್ಲಿ, ಕಾಣ್ತಾ ಇದೆ!" ಎಂದು ಬೊಂಬೆಯನ್ನು ಷಡ್ಡಕನ ಕಡೆ ತಿರುಗಿಸಿದ. ಅಷ್ಟರಲ್ಲಿ ಒದ್ದೆ ಆರುತ್ತಿತ್ತು. ಬಿಳಿ ಪೊರೆ ಗಲ್ಲದಿಂದ ಮೇಲಕ್ಕೇರುತ್ತಾ ಬಾಯನ್ನು ಮುಚ್ಚಿತು. ಹಲ್ಲಣ್ಣ ಮತ್ತೆ ಬೆರಳನ್ನು ನಾಲಿಗೆಗೆ ಒತ್ತಿದ.